ಒರೆಸುವ ಮುನ್ನ

ವಿಮಾನವೆಂದೊಡನೆ ನಮ್ಮ ದೃಷ್ಟಿ ತಾನಾಗಿಯೇ ಆಕಾಶದ ಕಡೆಗೆ ಹೊರಳುತ್ತದೆ. ವಿಮಾನಯಾನದ ಚರಿತ್ರೆಯನ್ನು ಬರೆದವರ ದೃಷ್ಟಿಯೂ ಬಹುಮಟ್ಟಿಗೆ ಅತ್ತಲೇ ನೆಟ್ಟಿದೆ. ಮೊದಲು ಹಾರಿದವರು ಯಾರು, ಯಾವ ಕಡಲನ್ನು ಯಾರು ದಾಟಿದರು, ಎಷ್ಟು ಎತ್ತರ ಏರಿದರು, ಎಷ್ಟು ವೇಗ ಗಳಿಸಿದರು ಎಂಬ ವಿವರಗಳಿಗೆ ಅಲ್ಲಿ ಕೊರತೆಯಿಲ್ಲ. ಆದರೆ ಹಾರುವುದಕ್ಕೆ ಮುನ್ನ ಯಂತ್ರದ ಮುಂಭಾಗದ ಹೊದಿಕೆಯನ್ನು ಬಿಚ್ಚಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಬಿಳಿಯ ಬಟ್ಟೆಯ ಚೂರು ಹಿಡಿದು, ಎಲ್ಲಿಯಾದರೂ ಪೆಟ್ರೋಲು ಜಿನುಗುತ್ತಿದೆಯೇ ಎಂದು ಒಂದೊಂದು ಕೊಳವೆಯನ್ನೂ ನೋಡಿದವರ ಪ್ರಸ್ತಾಪ ಆ ಪುಟಗಳಲ್ಲಿ ಅಪರೂಪ. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ನೋಟದ ಚರಿತ್ರೆಯನ್ನು. ವಿಷಯ ಸಣ್ಣದು, ಒಂದು ಹನಿಯಷ್ಟು ಸಣ್ಣದು. ಆದರೆ ಆ ಹನಿಯನ್ನು ಕಂಡವರು ಮತ್ತು ಕಾಣದೆ ಹೋದವರು, ಇಬ್ಬರ ಕಥೆಯೂ ವಿಮಾನದಷ್ಟೇ ಹಳೆಯದು.

ನನ್ನದೇ ಒಂದು ಅನುಭವದಿಂದ ತೊಡಗುತ್ತೇನೆ. ಐವತ್ತು ವರ್ಷಗಳಿಗೂ ಹಿಂದೆ ನಾನು ಒಂದು ವಿಮಾನ ತರಬೇತಿ ಶಾಲೆಯ ಹ್ಯಾಂಗರಿನಲ್ಲಿ ಕೆಲಸ ಕಲಿಯುತ್ತಿದ್ದೆ. ನಮ್ಮಲ್ಲಿದ್ದವು ಎರಡು ಸೀಟಿನ ಪುಷ್ಪಕ್ ವಿಮಾನಗಳು. ಹಾರಾಟ ಐವತ್ತು ಗಂಟೆ ತುಂಬಿದಾಗಲೆಲ್ಲ ಅವನ್ನು ಹ್ಯಾಂಗರಿನೊಳಕ್ಕೆ ತಳ್ಳಿಕೊಂಡು ಬಂದು ತಪಾಸಣೆ ಮಾಡಬೇಕು. ಅಂಥದೊಂದು ಸಂಜೆ ಎಂಜಿನಿನ ಹೊದಿಕೆಯನ್ನು ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಬಿಚ್ಚಿದೆ. ಒಳಗೆ, ಒಂದು ಸಿಲಿಂಡರಿನ ಬದಿಯಲ್ಲಿ, ಕುಂಕುಮದ ನೀರು ಬಿದ್ದು ಒಣಗಿದಂಥ ತೆಳುವಾದ ಕೆಂಪು ಗುರುತು ಕಾಣಿಸಿತು. ಬೆರಳೆರಡರ ಅಗಲ. ಮುಟ್ಟಿದರೆ ತೇವವಿಲ್ಲ. ಮೇಸ್ತ್ರಿಗಳು ಬರುವುದರೊಳಗೆ ಎಲ್ಲವೂ ಚೊಕ್ಕಟವಾಗಿರಲಿ ಎಂಬ ಹುಮ್ಮಸ್ಸಿನಲ್ಲಿ ನಾನು ಬಟ್ಟೆಯಿಂದ ಅದನ್ನು ಉಜ್ಜಿ ಒರೆಸಿಬಿಟ್ಟೆ.

ಮೇಸ್ತ್ರಿಗಳು ಬಂದರು. ಇಪ್ಪತ್ತು ವರ್ಷ ಎಂಜಿನುಗಳ ಜತೆಗೇ ಬದುಕಿದ ಮನುಷ್ಯ, ಮಿತಭಾಷಿ. ನನ್ನ ಕೈಯಲ್ಲಿದ್ದ ಬಟ್ಟೆಯ ಮೇಲಿನ ಕೆಂಪನ್ನು ನೋಡಿ, "ಇದೇನಯ್ಯಾ?" ಎಂದರು.

"ಸ್ವಲ್ಪ ಕಲೆಯಾಗಿತ್ತು ಮೇಸ್ತ್ರಿಗಳೇ, ಒರೆಸಿದೆ. ಈಗ ಶುದ್ಧವಾಗಿದೆ."

"ಕಲೆ ಹೋಯಿತು, ಸರಿ. ಸೋರಿಕೆ ಹೋಯಿತೇನಯ್ಯಾ?"

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕೋಪಿಸಿಕೊಳ್ಳಲಿಲ್ಲ. ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಸಿ ನೋಡಿ, "ಸಾಕ್ಷಿ ಹೇಳೋದಕ್ಕೆ ಬಂದವನನ್ನ ಓಡಿಸಿಬಿಟ್ಟೆಯಲ್ಲೋ ಮರಿ" ಎಂದಷ್ಟೇ ಹೇಳಿದರು. ಆ ಸಾಕ್ಷಿಯನ್ನು ಮತ್ತೆ ಕರೆತರಲು ನಾವು ಪಟ್ಟ ಪಾಡನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಆ ಕೆಂಪು ಗುರುತಿನ ಹಿಂದೆ ಎಷ್ಟು ದೀರ್ಘವಾದ ಚರಿತ್ರೆಯಿದೆ ಎಂಬುದನ್ನು ನೋಡೋಣ.

ಅಮೆರಿಕದ ಡೇಟನ್ ಎಂಬ ಊರಿನಲ್ಲಿ ರೈಟ್ ಸಹೋದರರ ಸೈಕಲ್ ಅಂಗಡಿಯಿತ್ತು. ೧೯೦೧ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ಚಾರ್ಲ್ಸ್ ಟೇಲರ್ ಎಂಬ ಮೆಕ್ಯಾನಿಕ್‌ನ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ವಿಮಾನಕ್ಕೆ ತಕ್ಕಷ್ಟು ಹಗುರವಾದ ಎಂಜಿನನ್ನು ಯಾವ ಕಾರ್ಖಾನೆಯೂ ಮಾಡಿಕೊಡಲು ಒಪ್ಪದಿದ್ದಾಗ, ಅದನ್ನು ಅಂಗಡಿಯ ಹಿಂಭಾಗದಲ್ಲಿ, ಒಂದು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ ಮತ್ತು ಕೈಹತ್ಯಾರಗಳ ಸಹಾಯದಿಂದ ಸುಮಾರು ಆರು ವಾರಗಳಲ್ಲಿ ಕಟ್ಟಿದವನು ಈತ. ನಾಲ್ಕು ಸಿಲಿಂಡರುಗಳ, ಹನ್ನೆರಡು ಅಶ್ವಶಕ್ತಿಯ ಎಂಜಿನು. ಅದರ ಇಂಧನದ ಏರ್ಪಾಡು ಈಗ ನೋಡಿದರೆ ಮಕ್ಕಳಾಟದಂತೆ ತೋರುತ್ತದೆ. ರೆಕ್ಕೆಗಳ ನಡುವಿನ ಕಂಬಕ್ಕೆ ತಗುಲಿಹಾಕಿದ ಒಂದು ಪುಟ್ಟ ತೊಟ್ಟಿ, ಅಲ್ಲಿಂದ ತನ್ನ ಭಾರದಿಂದಲೇ ಇಳಿದು ಬರುವ ಪೆಟ್ರೋಲು, ಅದನ್ನು ತಡೆಯಲು ಮತ್ತು ಬಿಡಲು ಮನೆಯ ಗ್ಯಾಸ್ ದೀಪಕ್ಕೆ ಹಾಕುವಂಥ ಒಂದು ಸಾಧಾರಣ ತಿರುಪು. ಈಗಿನ ಅರ್ಥದ ಕಾರ್ಬ್ಯುರೇಟರ್ ಇರಲಿಲ್ಲ. ಪೆಟ್ರೋಲು ಆಳವಿಲ್ಲದ ಒಂದು ಕೋಣೆಗೆ ತೊಟ್ಟಿಕ್ಕಿ, ಎಂಜಿನಿನ ಶಾಖಕ್ಕೆ ಆವಿಯಾಗಿ, ಗಾಳಿಯೊಡನೆ ಬೆರೆತು ಒಳಗೆ ಹೋಗುತ್ತಿತ್ತು.

೧೯೦೩ರ ಫೆಬ್ರವರಿಯಲ್ಲಿ ಈ ಎಂಜಿನನ್ನು ಮೊದಲ ಸಲ ಓಡಿಸಿ ನೋಡಿದರು. ಮರುದಿನ ಮತ್ತೆ ಓಡಿಸಿದಾಗ, ತೊಟ್ಟಿಕ್ಕಿದ ಪೆಟ್ರೋಲು ಬೇರಿಂಗುಗಳ ಮೇಲೆ ಬಿತ್ತು. ಎಣ್ಣೆ ಇರಬೇಕಾದ ಕಡೆ ಪೆಟ್ರೋಲು ಬಂದರೆ ಲೋಹಕ್ಕೂ ಲೋಹಕ್ಕೂ ನಡುವೆ ಇರುವ ಮೈತ್ರಿ ಮುರಿಯುತ್ತದೆ. ಬೇರಿಂಗುಗಳು ಹಿಡಿದುಕೊಂಡವು, ಎಂಜಿನಿನ ಒಡಲೂ ಚೌಕಟ್ಟೂ ಒಡೆದುಹೋದವು. ಹೊಸದಾಗಿ ಅಲ್ಯೂಮಿನಿಯಂ ಎರಕ ಹೊಯ್ಯಿಸಿ ತರಲು ಏಪ್ರಿಲ್ ೨೦ರವರೆಗೆ ಕಾಯಬೇಕಾಯಿತು. ಎಂಜಿನಿನ ವಿಮಾನದಲ್ಲಿ ಮನುಷ್ಯ ಮೊದಲು ಹಾರಿದ್ದು ೧೯೦೩ರ ಡಿಸೆಂಬರ್ ೧೭ರಂದು ಎಂದು ಶಾಲೆಯ ಮಕ್ಕಳೂ ಬಲ್ಲರು. ಅದಕ್ಕೆ ಹತ್ತು ತಿಂಗಳು ಮೊದಲೇ ಪೆಟ್ರೋಲಿನ ಸೋರಿಕೆ ವಿಮಾನದ ಎಂಜಿನನ್ನು ಮುರಿದು ಹಾಕಿತ್ತು ಎಂಬುದನ್ನು ಬಲ್ಲವರು ಎಷ್ಟು ಮಂದಿ? ಹಾರಾಟದ ಚರಿತ್ರೆಗಿಂತ ಸೋರಿಕೆಯ ಚರಿತ್ರೆಯೇ ಹಿರಿಯದು ಎಂದರೆ ತಪ್ಪಾಗಲಾರದು.

ಇಲ್ಲಿ ಪೆಟ್ರೋಲಿನ ಸ್ವಭಾವವನ್ನು ಸ್ವಲ್ಪ ಗಮನಿಸಬೇಕು. ಎಣ್ಣೆ ಸೋರಿದರೆ ಅಂಟಿಕೊಂಡು ಕುಳಿತುಕೊಳ್ಳುತ್ತದೆ, ಧೂಳನ್ನು ಹಿಡಿದು ಕಪ್ಪಾಗುತ್ತದೆ, ನೋಡಿದವರಿಗೆಲ್ಲ ತನ್ನ ಊರು ಹೆಸರು ಹೇಳುತ್ತದೆ. ಪೆಟ್ರೋಲು ಹಾಗಲ್ಲ. ಸೋರಿದ ಕ್ಷಣದಲ್ಲಿಯೇ ಆವಿಯಾಗಿ ಕಣ್ಮರೆಯಾಗುತ್ತದೆ. ಆದರೆ ಆ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಚದುರಿಹೋಗದೆ ಎಂಜಿನಿನ ಹೊದಿಕೆಯ ತಳದಲ್ಲಿ ತಂಗುತ್ತದೆ. ಹತ್ತಿರದಲ್ಲೇ ಕೆಂಡದಂತೆ ಕಾದ ಹೊಗೆಕೊಳವೆಯಿರುತ್ತದೆ, ಕಿಡಿ ಹಾರಿಸುವ ವಿದ್ಯುತ್ತಿನ ತಂತಿಗಳಿರುತ್ತವೆ. ಕಾಣದಿರುವ ಗುಣ, ಕೆಳಗೆ ತಂಗುವ ಗುಣ, ಕಿಡಿಗೆ ಕಾಯುವ ಗುಣ, ಈ ಮೂರೂ ಕೂಡಿದ ವಸ್ತುವನ್ನು ಕಾಯುವುದು ಹೇಗೆ?

ಇದಕ್ಕೆ ಒಂದು ಉಪಾಯ ಅನಿರೀಕ್ಷಿತವಾದ ಮಾರ್ಗದಿಂದ ಬಂದಿತು. ೧೯೨೧ರ ಡಿಸೆಂಬರಿನಲ್ಲಿ, ಅದೇ ಡೇಟನ್ ಊರಿನ ಒಂದು ಪ್ರಯೋಗಶಾಲೆಯಲ್ಲಿ, ಥಾಮಸ್ ಮಿಜ್ಲಿ ಮತ್ತು ಅವನ ಸಂಗಡಿಗರು ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರೆಸಿದರೆ ಎಂಜಿನಿನ ಬಡಿತ ನಿಲ್ಲುತ್ತದೆ ಎಂಬುದನ್ನು ಕಂಡುಕೊಂಡರು. ಎಂಜಿನುಗಳ ಶಕ್ತಿ ಹೆಚ್ಚಿತು. ಆದರೆ ಸೀಸ ವಿಷ. ಕೈ ತೊಳೆಯಲು, ಬಟ್ಟೆಯ ಜಿಡ್ಡು ತೆಗೆಯಲು ಜನ ಅಂದಿನವರೆಗೆ ಬಳಸುತ್ತಿದ್ದ ಪೆಟ್ರೋಲಿಗೂ ಈ ಹೊಸ ಪೆಟ್ರೋಲಿಗೂ ವ್ಯತ್ಯಾಸ ಗೊತ್ತಾಗಬೇಕಲ್ಲ? ಅದಕ್ಕಾಗಿ ಅದಕ್ಕೆ ಕೆಂಪು ಬಣ್ಣ ಬೆರೆಸಿದರು. ಮುಂದೆ ವಿಮಾನಗಳ ಪೆಟ್ರೋಲಿನಲ್ಲಿ ಒಂದೊಂದು ದರ್ಜೆಗೆ ಒಂದೊಂದು ಬಣ್ಣ ಗೊತ್ತಾಯಿತು. ಸಣ್ಣ ಎಂಜಿನುಗಳ ಎಂಬತ್ತರ ದರ್ಜೆಗೆ ಕೆಂಪು, ನೂರರ ದರ್ಜೆಗೆ ಹಸಿರು, ಸೀಸವನ್ನು ತಗ್ಗಿಸಿದ ನೂರರ ದರ್ಜೆಗೆ ನೀಲಿ. ಒಂದರ ಬದಲು ಇನ್ನೊಂದನ್ನು ತುಂಬಿಬಿಡದಿರಲೆಂದು ಮಾಡಿದ ಈ ಏರ್ಪಾಡು ಮೆಕ್ಯಾನಿಕ್‌ಗೆ ಬೇರೊಂದು ಉಪಕಾರವನ್ನು ಮಾಡಿತು. ಪೆಟ್ರೋಲು ಹಾರಿಹೋದರೂ ಬಣ್ಣ ಉಳಿಯುತ್ತದೆ. ಕಳ್ಳ ಓಡಿಹೋದರೂ ಹೆಜ್ಜೆಯ ಗುರುತು ಉಳಿಯುವಂತೆ. ನಾನು ಆ ಸಂಜೆ ಒರೆಸಿದ್ದು ಇಂಥ ಒಂದು ಹೆಜ್ಜೆಯ ಗುರುತನ್ನು. ಈಗ ಹಲವು ದೇಶಗಳಲ್ಲಿ ವಿಮಾನದ ಪೆಟ್ರೋಲಿನಿಂದ ಸೀಸವನ್ನು ಪೂರ್ತಿಯಾಗಿ ತೆಗೆಯುವ ಪ್ರಯತ್ನ ನಡೆದಿದೆ. ಅದು ಒಳ್ಳೆಯ ಕೆಲಸವೇ. ಸೀಸ ಹೋದರೂ ಹೆಜ್ಜೆ ಗುರುತಿಸುವ ಕಣ್ಣು ಉಳಿಯಬೇಕಷ್ಟೆ.

ಇಪ್ಪತ್ತರ ದಶಕದ ನಡುವೆ ಇಂಗ್ಲೆಂಡಿನಲ್ಲಿ ಡಿ ಹ್ಯಾವಿಲೆಂಡ್ ಸಂಸ್ಥೆಯ ಮಾತ್ ವಿಮಾನಗಳು ಬಂದವು. ಮೊದಲನೆಯದು ಹಾರಿದ್ದು ೧೯೨೫ರ ಫೆಬ್ರವರಿ ೨೨ರಂದು. ವಿಮಾನವೆಂಬುದು ಸೈನ್ಯದ ಸೊತ್ತಾಗಿದ್ದ ಕಾಲ ಮುಗಿದು, ಹಾರಾಟದ ಕ್ಲಬ್ಬುಗಳ ಕಾಲ ಆರಂಭವಾಯಿತು. ೧೯೩೧ರಲ್ಲಿ ಬಂದ ಟೈಗರ್ ಮಾತ್ ನಮ್ಮ ದೇಶದ ಒಂದು ಇಡೀ ತಲೆಮಾರಿಗೆ ಹಾರಲು ಕಲಿಸಿತು. ಅದರ ಪೆಟ್ರೋಲು ತೊಟ್ಟಿ ಮೇಲಿನ ರೆಕ್ಕೆಯ ನಡುವೆ, ಹಾರುವವನ ತಲೆಗಿಂತ ಎತ್ತರದಲ್ಲಿತ್ತು. ಪಂಪಿಲ್ಲ, ಭಾರದಿಂದಲೇ ಇಳಿಯಬೇಕು. ಈ ವಿಮಾನದ ಒಂದು ವಿನೋದವನ್ನು ಹೇಳಬೇಕು. ತಣ್ಣಗಿರುವ ಎಂಜಿನನ್ನು ಹೊರಡಿಸುವುದಕ್ಕೆ ಮುನ್ನ ಮೆಕ್ಯಾನಿಕ್ ಹೊದಿಕೆಯ ಬದಿಯನ್ನು ತೆರೆದು, ಕಾರ್ಬ್ಯುರೇಟರಿನ ಮೇಲಿನ ಒಂದು ಪುಟ್ಟ ಗುಂಡಿಯನ್ನು ಪೆಟ್ರೋಲು ಉಕ್ಕಿ ಹೊರಗೆ ತೊಟ್ಟಿಕ್ಕುವವರೆಗೆ ಒತ್ತಬೇಕಿತ್ತು. ಅಂದರೆ ಇಲ್ಲಿ ಸೋರಿಕೆ ದೋಷವಲ್ಲ, ವಿಧಿ! ತೊಟ್ಟಿಕ್ಕಬೇಕಾದದ್ದು ಯಾವುದು, ತೊಟ್ಟಿಕ್ಕಬಾರದ್ದು ಯಾವುದು, ಎಷ್ಟು ಹೊತ್ತಿಗೆ ಅದು ನಿಲ್ಲಬೇಕು, ಇದರ ವಿವೇಕ ಪುಸ್ತಕದಿಂದ ಪೂರ್ತಿಯಾಗಿ ಬರುವಂಥದಲ್ಲ.

ಈ ವಿವೇಕವನ್ನು ಹಾರಾಟದಷ್ಟೇ ಗೌರವದಿಂದ ಕಲಿತವರಲ್ಲಿ ಏಮಿ ಜಾನ್ಸನ್ ಒಬ್ಬರು. ೧೯೨೯ರ ಕೊನೆಯಲ್ಲಿ ಅವರು ವಿಮಾನದ ಎಂಜಿನುಗಳನ್ನು ಪರೀಕ್ಷಿಸಿ ಸಹಿ ಹಾಕುವ ನೆಲದ ಎಂಜಿನಿಯರಿನ ಪರವಾನಗಿಯನ್ನು ಪಡೆದರು. ಬ್ರಿಟನ್ನಿನಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರೇ. ಮರುವರ್ಷ ಮೇ ೫ರಂದು ಒಬ್ಬರೇ ಇಂಗ್ಲೆಂಡಿನಿಂದ ಹೊರಟು, ಕರಾಚಿ, ಝಾನ್ಸಿ, ಕಲ್ಕತ್ತೆಗಳ ಮೇಲೆ ಹಾದು, ಮೇ ೨೪ರಂದು ಆಸ್ಟ್ರೇಲಿಯದ ಡಾರ್ವಿನ್ ಮುಟ್ಟಿದರು. ಚರಿತ್ರೆ ಹೊಗಳುವುದು ಅವರ ಧೈರ್ಯವನ್ನು. ದಿನವಿಡೀ ಹಾರಿ ಇಳಿದ ಮೇಲೆ, ಕತ್ತಲಾಗುತ್ತಿದ್ದರೂ, ಎಂಜಿನಿನ ಹೊದಿಕೆ ತೆರೆದು ನೋಡುವ ತಾಳ್ಮೆಯಿಲ್ಲದಿದ್ದರೆ ಆ ಧೈರ್ಯ ಅರ್ಧದಾರಿಯಲ್ಲಿಯೇ ಮುಗಿಯುತ್ತಿತ್ತೇನೋ.

ಇನ್ನು ೧೯೩೨ರ ಮೇ ತಿಂಗಳು. ಅಮೇಲಿಯಾ ಇಯರ್‌ಹಾರ್ಟ್ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟುತ್ತಿದ್ದಾರೆ. ರಾತ್ರಿ. ಎತ್ತರ ತೋರಿಸುವ ಮಾಪಕ ಕೆಟ್ಟಿದೆ. ಎಂಜಿನಿನ ಹೊಗೆಕೊಳವೆಯ ಬೆಸುಗೆ ಬಿರಿದು, ಬಿರುಕಿನಿಂದ ಬೆಂಕಿಯ ನಾಲಗೆ ಕಾಣಿಸುತ್ತಿದೆ. ಅದೇ ಹೊತ್ತಿಗೆ ತಲೆಯ ಮೇಲಿನ ಪೆಟ್ರೋಲು ಮಾಪಕದಿಂದ ಹನಿ ಹನಿಯಾಗಿ ಪೆಟ್ರೋಲು ಅವರ ಕತ್ತಿನ ಮೇಲೆ ಇಳಿಯುತ್ತಿದೆ. ಹೊರಗೆ ಬೆಂಕಿ, ಒಳಗೆ ಪೆಟ್ರೋಲು, ಕೆಳಗೆ ಕಡಲು. ಸುಮಾರು ಹದಿನೈದು ಗಂಟೆಗಳ ಹಾರಾಟದ ಬಳಿಕ ಅವರು ಐರ್ಲೆಂಡಿನ ಉತ್ತರದ ಒಂದು ಹುಲ್ಲುಗಾವಲಿನಲ್ಲಿ ಇಳಿದರು. ಒಂದು ಹನಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಆ ರಾತ್ರಿ ಅವರಷ್ಟು ಚೆನ್ನಾಗಿ ಬಲ್ಲವರು ಇನ್ನಾರಿದ್ದರು?

ಅದೇ ವರ್ಷದ ಅಕ್ಟೋಬರ್ ೧೫ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆಯ ಚೀಲಗಳನ್ನು ಹೇರಿಕೊಂಡು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಬಂದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ, ಡಬ್ಬಗಳಲ್ಲಿ! ಮುಂಬಯಿಯಿಂದ ಮುಂದಕ್ಕೆ ಅಂಚೆಯನ್ನು ಒಯ್ದವರು ನೆವಿಲ್ ವಿನ್ಸೆಂಟ್. ಮದರಾಸಿಗೆ ಹೋಗುವ ಆ ದಾರಿಯಲ್ಲಿ ಅವರು ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಬಳ್ಳಾರಿ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಆ ಕಾಲದ ಡಬ್ಬದ ಪೆಟ್ರೋಲಿನಲ್ಲಿ ನೀರು, ತುಕ್ಕು, ಮರಳು ಏನು ಬೇಕಾದರೂ ಇರಬಹುದಿತ್ತು. ಹದಮಾಡಿದ ಮೆದುವಾದ ಚರ್ಮವನ್ನು ಆಲಿಕೆಗೆ ಹಾಕಿ ಸೋಸುವುದು ರೂಢಿ. ಪೆಟ್ರೋಲು ಚರ್ಮದ ಮೂಲಕ ಇಳಿಯುತ್ತದೆ, ನೀರು ಮೇಲೆ ನಿಲ್ಲುತ್ತದೆ. ಬಿಸಿಲಿನಲ್ಲಿ ನಿಂತು ತಾಳ್ಮೆಯಿಂದ ಡಬ್ಬದ ಮೇಲೆ ಡಬ್ಬ ಸೋಸಿ ತುಂಬಿದ ಕೈಗಳು ಯಾರವು? ಅಂಚೆಚೀಟಿಯ ಮೇಲೆ ಆ ಕೈಗಳ ಗುರುತಿಲ್ಲ.

ಬೆಂಗಳೂರಿಗೂ ಈ ವಿದ್ಯೆಗೂ ನಂಟು ಬೆಳೆದದ್ದು ೧೯೪೦ರ ಡಿಸೆಂಬರಿನಲ್ಲಿ. ವಾಲ್‌ಚಂದ್ ಹೀರಾಚಂದ್ ಅವರ ಸಾಹಸಕ್ಕೆ ಮೈಸೂರು ಸಂಸ್ಥಾನ ನೆಲವನ್ನೂ ಬಂಡವಾಳವನ್ನೂ ಕೊಟ್ಟು ಕೈಜೋಡಿಸಿ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹುಟ್ಟಿತು. ಯುದ್ಧ ಬೆಳೆದಂತೆ ಅದು ಹೊಸ ವಿಮಾನ ಕಟ್ಟುವ ತಾಣವಾಗಿರುವುದರ ಜತೆಗೆ, ಅದಕ್ಕಿಂತಲೂ ಮಿಗಿಲಾಗಿ, ದಣಿದ ವಿಮಾನಗಳನ್ನು ಬಿಚ್ಚಿ ದುರಸ್ತಿ ಮಾಡುವ ದೊಡ್ಡ ಆಸ್ಪತ್ರೆಯಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ದುರಸ್ತಿಗಾಗಿ ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದ ಕಾಲವದು. ನೇಗಿಲನ್ನೂ ಮಗ್ಗವನ್ನೂ ಬಲ್ಲ ಮನೆತನಗಳ ಹುಡುಗರು ಆ ಹ್ಯಾಂಗರುಗಳಲ್ಲಿ ಸ್ಪ್ಯಾನರ್ ಹಿಡಿಯುವುದನ್ನು ಕಲಿತರು. ವಿಮಾನ ಹಾರಿಸುವುದಕ್ಕಿಂತ ಮೊದಲು ಬೆಂಗಳೂರು ವಿಮಾನವನ್ನು ನೋಡುವುದನ್ನು, ಅಂದರೆ ತಪಾಸಣೆ ಮಾಡುವುದನ್ನು ಕಲಿಯಿತು. ಮುಂದೆ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-೨ ತರಬೇತಿ ವಿಮಾನ ೧೯೫೧ರ ಆಗಸ್ಟ್ ೫ರಂದು ಹಾರಿತು. ಪುಷ್ಪಕ್ ೧೯೫೮ರ ಸೆಪ್ಟೆಂಬರಿನಲ್ಲಿ. ತೊಂಬತ್ತು ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನಿನ ಈ ಪುಷ್ಪಕ್ ದೇಶದ ಹಾರಾಟದ ಕ್ಲಬ್ಬುಗಳಿಗೆಲ್ಲ ಹೋಯಿತು. ಸರ್ಕಾರದ ಜಕ್ಕೂರು ತರಬೇತಿ ಶಾಲೆಯಂಥ ಕಡೆಗಳಲ್ಲಿ ಎಷ್ಟೋ ಮಂದಿ ಕನ್ನಡದ ಹುಡುಗರಿಗೆ ಹಾರುವ ವಿದ್ಯೆ ಲಭಿಸಿತು. ಅಂಥ ಒಂದು ಪುಷ್ಪಕ್ ವಿಮಾನದ ಮುಂದೆ ನಾನು ಆ ಸಂಜೆ ಒದ್ದೆಯಾದ ಮುಖ ಮಾಡಿಕೊಂಡು ನಿಂತಿದ್ದೆ.

ಮೇಸ್ತ್ರಿಗಳು ಆ ರಾತ್ರಿ ನನಗೆ ಕಲಿಸಿದ ಕ್ರಮವನ್ನು ಹೇಳಿಬಿಡುತ್ತೇನೆ. ಸೋರಿಕೆಯನ್ನು ಹುಡುಕುವವನು ಮೊದಲು ಮಾಡಬೇಕಾದದ್ದು ಏನೂ ಮಾಡದಿರುವುದು. ಹೊದಿಕೆ ತೆರೆದೊಡನೆ ಕೈ ಕಟ್ಟಿಕೊಂಡು ನೋಡಬೇಕು. ಬಣ್ಣ ಎಲ್ಲಿದೆ? ಅದರ ಬಾಲ ಯಾವ ಕಡೆಗೆ ಎಳೆದಿದೆ? ಪ್ರಪೆಲ್ಲರಿನ ಗಾಳಿ ಹನಿಯನ್ನು ಹಿಂದಕ್ಕೆ ಒಯ್ಯುತ್ತದೆ, ಭಾರ ಕೆಳಕ್ಕೆ ಎಳೆಯುತ್ತದೆ. ಆದ್ದರಿಂದ ಕಲೆಯಿರುವ ಕಡೆ ಸೋರಿಕೆಯಿರುವುದಿಲ್ಲ, ಅದರ ಮುಂದೆ ಮತ್ತು ಮೇಲೆ ಇರುತ್ತದೆ. ಅನಂತರ ಮೂಸಬೇಕು. ಆಮೇಲೆ ತೊಳೆದು ಒಣಗಿಸಬೇಕು. ಪೆಟ್ರೋಲಿನ ಸೋಸುಬಟ್ಟಲನ್ನು ಬಿಚ್ಚಿ ತಳದಲ್ಲಿ ನೀರಿದೆಯೇ, ಕಸವಿದೆಯೇ, ಕರಗಿದ ರಬ್ಬರಿನ ಚೂರಿದೆಯೇ ನೋಡಬೇಕು. ಅಲ್ಲಿ ರಬ್ಬರಿನ ಚೂರು ಸಿಕ್ಕರೆ ಯಾವುದೋ ಕೊಳವೆ ಒಳಗಿನಿಂದ ಸಾಯುತ್ತಿದೆ ಎಂದರ್ಥ. ರಬ್ಬರಿನ ಕೊಳವೆಗಳನ್ನು ಬೆರಳಿನಿಂದ ಬಾಗಿಸಿ ನೋಡಬೇಕು. ವಯಸ್ಸಾದ ರಬ್ಬರು ಬಿಗಿದುಕೊಳ್ಳುತ್ತದೆ, ಬಿರುಕು ಬಿಡುತ್ತದೆ. ಬಹಳ ದಿನ ಹಾರದೆ ನಿಂತ ವಿಮಾನವನ್ನು ಇನ್ನೂ ಹೆಚ್ಚು ಅನುಮಾನಿಸಬೇಕು. ಪೆಟ್ರೋಲಿನ ತೇವವಿಲ್ಲದೆ ವಾಷರುಗಳು ಒಣಗಿ ಕುಗ್ಗಿರುತ್ತವೆ. ಕಾರ್ಬ್ಯುರೇಟರಿನೊಳಗೆ ತೇಲುವ ಬುರುಡೆಯೊಂದಿದೆ. ಮಟ್ಟ ಏರಿದಾಗ ಅದು ಸೂಜಿಯನ್ನು ಒತ್ತಿ ಪೆಟ್ರೋಲನ್ನು ತಡೆಯುತ್ತದೆ. ಆ ಸೂಜಿಯ ಕೆಳಗೆ ಒಂದು ಕಸದ ಕಣ ಸಿಕ್ಕಿಕೊಂಡರೆ ಸಾಕು, ಕೊಳವೆಗಳೆಲ್ಲ ಸರಿಯಾಗಿದ್ದರೂ ಪೆಟ್ರೋಲು ಉಕ್ಕಿ ಹರಿಯುತ್ತದೆ.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ನಟ್ಟಿನ ಬಳಿ ತೇವ ಕಂಡೊಡನೆ ಸ್ಪ್ಯಾನರ್ ಹಾಕಿ ಬಿಗಿಯುವುದು. ಬಿಗಿದರೆ ಸೋರಿಕೆ ನಿಲ್ಲುವುದು ನಿಜ, ಆ ಹೊತ್ತಿಗೆ. ಆದರೆ ಮಿತಿಮೀರಿ ಬಿಗಿದ ಕೊಳವೆಯ ತುದಿ ತೆಳುವಾಗಿ, ಎಂಜಿನಿನ ನಡುಕಕ್ಕೆ ಸಿಕ್ಕಿ, ಒಂದು ದಿನ ಒಮ್ಮೆಗೇ ಒಡೆಯುತ್ತದೆ. ಬಿಚ್ಚಿ, ಕಾರಣ ಕಂಡು, ಹೊಸ ವಾಷರ್ ಹಾಕಿ, ಹೇಳಿದಷ್ಟೇ ಬಿಗಿದು, ಲಾಕಿಂಗ್ ತಂತಿ ಕಟ್ಟಬೇಕು. ಇನ್ನೊಂದು ಬಗೆ ಇದಕ್ಕಿಂತ ಕಪಟಿ. ಪಂಪು ತೊಟ್ಟಿಯಿಂದ ಪೆಟ್ರೋಲನ್ನು ಹೀರುವ ಭಾಗದಲ್ಲಿ ರಂಧ್ರವಾದರೆ, ಎಂಜಿನು ಓಡುವಾಗ ಪೆಟ್ರೋಲು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಲೆಯೇ ಇಲ್ಲದ ಸೋರಿಕೆ! ಆದುದರಿಂದ ನಿಂತ ಎಂಜಿನನ್ನೂ ನೋಡಬೇಕು, ಓಡಿ ನಿಂತ ಎಂಜಿನನ್ನೂ ನೋಡಬೇಕು. ಎರಡೂ ಒಂದೇ ಎಂಜಿನಲ್ಲ.

ಕೊಳವೆಗೂ ಕೊಳವೆಗೂ ನಡುವೆ ಇರಬೇಕಾದ ಅಂತರವನ್ನು ನೋಡುವುದೂ ಈ ತಪಾಸಣೆಯ ಭಾಗ. ಇದರ ಮಹತ್ವಕ್ಕೆ ಸಣ್ಣ ವಿಮಾನದ್ದಲ್ಲದಿದ್ದರೂ ಒಂದು ನಿದರ್ಶನ ಕೊಡಬೇಕು. ೨೦೦೧ರ ಆಗಸ್ಟ್ ೨೪ರಂದು ಕೆನಡಾದಿಂದ ಪೋರ್ಚುಗಲ್ಲಿಗೆ ಹೊರಟಿದ್ದ ಒಂದು ದೊಡ್ಡ ಜೆಟ್ ವಿಮಾನದ ಒಂದು ಎಂಜಿನನ್ನು ಕೆಲದಿನಗಳ ಹಿಂದಷ್ಟೇ ಬದಲಾಯಿಸಿದ್ದರು. ಒಂದು ಮಾದರಿಯ ಕೊಳವೆಯ ಪಕ್ಕಕ್ಕೆ ಇನ್ನೊಂದು ಮಾದರಿಯದು ಬಂದು, ಎರಡರ ನಡುವೆ ಇರಬೇಕಾದ ಬಿಡುವು ಉಳಿಯಲಿಲ್ಲ. ಒಂದಕ್ಕೊಂದು ಉಜ್ಜಿ ಉಜ್ಜಿ ಇಂಧನದ ಕೊಳವೆ ಬಿರಿಯಿತು. ಅಟ್ಲಾಂಟಿಕ್ ಮೇಲೆ ಇಂಧನವೆಲ್ಲ ಸೋರಿಹೋಗಿ ಎರಡು ಎಂಜಿನುಗಳೂ ನಿಂತವು. ಸುಮಾರು ಹತ್ತೊಂಬತ್ತು ನಿಮಿಷ ಆ ಭಾರಿ ವಿಮಾನ ಹದ್ದಿನಂತೆ ತೇಲಿಕೊಂಡು ಅಜೋರ್ಸ್ ದ್ವೀಪದಲ್ಲಿ ಇಳಿಯಿತು. ಒಳಗಿದ್ದ ೩೦೬ ಮಂದಿಯೂ ಉಳಿದರು. ಲೋಕ ಚಾಲಕರ ಕೌಶಲವನ್ನು ಕೊಂಡಾಡಿತು, ಅದು ಯೋಗ್ಯವೇ. ಆದರೆ ಬೆರಳೊಂದನ್ನು ತೂರಿಸಿ ಆ ಅಂತರವನ್ನು ಅಳೆದಿದ್ದರೆ ಆ ಕೌಶಲದ ಅಗತ್ಯವೇ ಬೀಳುತ್ತಿರಲಿಲ್ಲ.

ಈಗ ನನ್ನ ಕಥೆಯ ಉಳಿದ ಭಾಗ. ಮರುದಿನ ಬೆಳಗ್ಗೆ ಆ ವಿಮಾನದಲ್ಲಿ ಒಬ್ಬ ವಿದ್ಯಾರ್ಥಿ ಮೊದಲ ಬಾರಿಗೆ ಒಬ್ಬನೇ ಹಾರಬೇಕಿತ್ತು. "ವಿಮಾನ ಕೊಡುತ್ತೀರೋ ಇಲ್ಲವೋ?" ಎಂದು ಕಚೇರಿಯಿಂದ ಎರಡು ಸಲ ಆಳು ಬಂದು ಹೋದ. ಮೇಸ್ತ್ರಿಗಳು, "ಕಲೆ ಮತ್ತೆ ಬರಲಿ, ಆಮೇಲೆ ಹೇಳುತ್ತೇನೆ" ಎಂದರು. ಆಳಿಗೆ ಅದು ಅರ್ಥವಾಗಲಿಲ್ಲ. ಹೊದಿಕೆ ತೆರೆದಿಟ್ಟೇ ವಿಮಾನವನ್ನು ಹೊರಗೆ ತಂದು, ಚಕ್ರಕ್ಕೆ ಅಡ್ಡ ಇಟ್ಟು, ಎಂಜಿನು ಓಡಿಸಿದೆವು. ನಿಲ್ಲಿಸಿ ನೋಡಿದರೆ ಏನೂ ಇಲ್ಲ. ಮತ್ತೆ ಓಡಿಸಿದೆವು, ಏನೂ ಇಲ್ಲ. ನಾನೇ ಏನನ್ನೋ ತಪ್ಪು ಕಂಡೆನೇನೋ ಎಂಬ ಆಸೆ ನನ್ನಲ್ಲಿ ಹುಟ್ಟಿತು. ಮೂರನೆಯ ಸಲ ಅವರು ಪ್ರೈಮರ್ ಪಂಪನ್ನು, ಎಂದರೆ ತಣ್ಣನೆಯ ಎಂಜಿನಿಗೆ ಮೊದಲ ಗುಟುಕು ಪೆಟ್ರೋಲು ಕುಡಿಸುವ ಕೈಪಂಪನ್ನು, ಎರಡು ಸಲ ಒತ್ತಿಸಿದರು. ಟಾರ್ಚಿನ ಬೆಳಕಿನಲ್ಲಿ, ತೊಗಲಿನ ಮೇಲೆ ಬೆವರು ಮೂಡುವಂತೆ, ತಾಮ್ರದ ಸಣ್ಣ ಕೊಳವೆಯೊಂದರ ಮೇಲೆ, ಅದನ್ನು ಹಿಡಿದಿದ್ದ ಪಟ್ಟಿಯ ಸಂದಿಯಿಂದ, ಕೆಂಪು ಹನಿಯೊಂದು ಮೂಡಿತು. ಪಟ್ಟಿ ಬಿಚ್ಚಿ ನೋಡಿದರೆ ಅದರ ಕೆಳಗೆ ಕೂದಲಿನಷ್ಟು ತೆಳುವಾದ ಬಿರುಕು. ಅದರ ಅಡಿಯಲ್ಲೇ ಹೊಗೆಕೊಳವೆ.

ಕೊಳವೆ ಬದಲಾಯಿಸಿ, ಮತ್ತೆ ಓಡಿಸಿ, ಬಿಳಿಯ ಬಟ್ಟೆಯಲ್ಲಿ ಒರೆಸಿ ಬಿಳಿಯಾಗಿಯೇ ಇದೆಯೆಂದು ಕಂಡುಕೊಳ್ಳುವ ಹೊತ್ತಿಗೆ ಹನ್ನೊಂದು ಗಂಟೆ. ಎಂಜಿನಿಯರರು ಬಂದು ತಾವೂ ನೋಡಿ ಲಾಗ್ ಪುಸ್ತಕದಲ್ಲಿ ಒಂದು ಸಾಲು ಬರೆದರು: ಪ್ರೈಮರ್ ಕೊಳವೆಯಲ್ಲಿ ಬಿರುಕು ಕಂಡಿತು, ಬದಲಾಯಿಸಲಾಯಿತು, ಎಂಜಿನು ಓಡಿಸಿ ಪರೀಕ್ಷಿಸಲಾಯಿತು, ಸೋರಿಕೆಯಿಲ್ಲ. ಕೆಳಗೆ ಸಹಿ, ಪರವಾನಗಿಯ ಸಂಖ್ಯೆ, ದಿನಾಂಕ. ೧೯೩೪ರ ವಿಮಾನ ಕಾನೂನು, ೧೯೩೭ರ ನಿಯಮಗಳು ನಮ್ಮ ದೇಶದಲ್ಲಿ ಈ ಸಹಿಗೆ ಕಟ್ಟುಪಾಡನ್ನು ತಂದವು. ಆ ಹಳೆಯ ಕಾನೂನಿನ ಸ್ಥಾನಕ್ಕೆ ೨೦೨೪ರಲ್ಲಿ ಹೊಸದು ಬಂದಿದೆ. ಕಾನೂನು ಬದಲಾಗಬಹುದು. ನೋಡದೆ ಇದ್ದುದನ್ನು ನೋಡಿದೆನೆಂದು ಬರೆಯಬಾರದು ಎಂಬ ಧರ್ಮ ಬದಲಾಗುವಂಥದಲ್ಲ. ಆ ಸಂಜೆ ಮೇಸ್ತ್ರಿಗಳು ನನ್ನ ಬಟ್ಟೆಯನ್ನು ಗಮನಿಸದಿದ್ದರೆ, ಅದೇ ಪುಟದಲ್ಲಿ ಅದೇ ಮಸಿಯಲ್ಲಿ 'ಸೋರಿಕೆಯಿಲ್ಲ' ಎಂಬ ಅದೇ ಮಾತು ಬರುತ್ತಿತ್ತು. ಅಕ್ಷರಗಳಲ್ಲಿ ಒಂದಿಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ. ಬರವಣಿಗೆಯ ಸತ್ಯ ಬರವಣಿಗೆಯೊಳಗೆ ಇರುವುದಿಲ್ಲ, ಅದಕ್ಕ ಹಿಂದಿನ ನೋಟದಲ್ಲಿರುತ್ತದೆ ಎಂಬುದನ್ನು ಸಾಹಿತ್ಯವನ್ನು ಓದಿ ನಾನು ಕಲಿತದ್ದಲ್ಲ, ಆ ಸಾಲನ್ನು ಓದಿ ಕಲಿತದ್ದು.

ಮರುದಿನ ಬೆಳಗ್ಗೆ ಆ ಹುಡುಗ ಒಬ್ಬನೇ ಹಾರಿದ. ಒಂದು ಸುತ್ತು ಹಾಕಿ ಇಳಿದ. ಗೆಳೆಯರು ಹಾರ ಹಾಕಿದರು, ಪೇಡೆ ಹಂಚಿದರು. ನಮಗೂ ಒಂದೊಂದು ಬಂತು. ಹಿಂದಿನ ರಾತ್ರಿಯ ಸಂಗತಿ ಅವನಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. ಮೇಸ್ತ್ರಿಗಳು ಪೇಡೆ ತಿಂದು, ಕೈ ಒರೆಸಿಕೊಂಡು, ಮುಂದಿನ ವಿಮಾನದ ಹೊದಿಕೆ ಬಿಚ್ಚಲು ಹೋದರು.

ಚಾರ್ಲ್ಸ್ ಟೇಲರ್‌ನ ಕಥೆಯನ್ನು ಅರ್ಧಕ್ಕೇ ಬಿಟ್ಟಿದ್ದೆ. ಮೊದಲ ವಿಮಾನದ ಎಂಜಿನನ್ನು ಕಟ್ಟಿದ, ಒಡೆದದ್ದನ್ನು ಮತ್ತೆ ಕಟ್ಟಿದ ಆ ಮನುಷ್ಯ ರೈಟ್ ಸಹೋದರರ ಕೀರ್ತಿಯ ನೆರಳಿನಲ್ಲಿ ಮರೆಯಾದ. ವೃದ್ಧಾಪ್ಯದಲ್ಲಿ ಲಾಸ್ ಏಂಜಲೀಸ್ ನಗರದ ಆಸ್ಪತ್ರೆಯೊಂದರ ಧರ್ಮಾರ್ಥ ವಾರ್ಡಿನಲ್ಲಿ ಮಲಗಿದ್ದವನನ್ನು ಯಾರೋ ಗುರುತಿಸಿದ ಮೇಲೆ, ವಿಮಾನೋದ್ಯಮದವರು ಹಣ ಕೂಡಿಸಿ ಬೇರೆಡೆಗೆ ಸಾಗಿಸಿದರು. ಅವನು ೧೯೫೬ರ ಜನವರಿ ೩೦ರಂದು ತೀರಿಕೊಂಡ. ಅವನ ಹುಟ್ಟುಹಬ್ಬವಾದ ಮೇ ೨೪ನ್ನು ಈಗ ಅಮೆರಿಕದಲ್ಲಿ ವಿಮಾನಗಳ ಮೆಕ್ಯಾನಿಕ್‌ಗಳ ದಿನವಾಗಿ ಆಚರಿಸುತ್ತಾರೆ. ಏಮಿ ಜಾನ್ಸನ್ ಡಾರ್ವಿನ್ನಿನಲ್ಲಿ ಇಳಿದದ್ದೂ ಒಂದು ಮೇ ೨೪ರಂದೇ ಎಂಬುದು ಕಾಕತಾಳೀಯ. ಆದರೂ ನನಗೆ ಅದು ಪ್ರಿಯವಾದ ಕಾಕತಾಳೀಯ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಹಂಸ ಎಂಬ ಎರಡು ಸೀಟಿನ ವಿಮಾನ ೧೯೯೩ರ ನವೆಂಬರಿನಲ್ಲಿ ಮೊದಲು ಹಾರಿತು. ಅದರ ಮುಂದಿನ ರೂಪಕ್ಕೆ ರೋಟಾಕ್ಸ್ ಎಂಜಿನನ್ನು ಅಳವಡಿಸಿದರು. ಆ ವರ್ಗದ ಎಂಜಿನುಗಳಲ್ಲಿ ಕಾರ್ಬ್ಯುರೇಟರಿನ ಕೆಳಗೆ ಒಂದು ಪುಟ್ಟ ತಟ್ಟೆಯನ್ನು ಇಟ್ಟಿರುವುದುಂಟು. ಉಕ್ಕಿದ ಪೆಟ್ರೋಲು ಬಿಸಿ ಹೊಗೆಕೊಳವೆಯ ಮೇಲೆ ಬೀಳದಂತೆ ಹಿಡಿದು ಹೊರಕ್ಕೆ ಬಿಡಲು. ನೂರು ವರ್ಷಗಳ ಅನುಭವದ ಬಳಿಕ ಯಂತ್ರವನ್ನು ರೂಪಿಸುವವನು ವಿನಯದಿಂದ ಒಪ್ಪಿಕೊಂಡ ಮಾತಿದು: ಸೋರುವುದು ಯಂತ್ರದ ಸ್ವಭಾವ. ಹಾಗಿದ್ದ ಮೇಲೆ ನೋಡುವುದು ಮನುಷ್ಯನ ಕರ್ತವ್ಯವಾಗದೆ ಗತಿಯಿಲ್ಲ.

ಕನ್ನಡದಲ್ಲಿ ಕಲೆ ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿರುವುದನ್ನು ತಾವೆಲ್ಲ ಬಲ್ಲಿರಿ. ಆ ಎರಡೂ ಕೂಡುವ ಜಾಗ ಒಂದಿದ್ದರೆ ಅದು ಹ್ಯಾಂಗರಿನಲ್ಲಿದೆ ಎಂದು ನನ್ನ ನಂಬಿಕೆ. ಮನೆಯಲ್ಲಾಗಲಿ, ಕಚೇರಿಯಲ್ಲಾಗಲಿ, ಎಲ್ಲಿಯಾದರೂ ಒಂದು ಗುರುತು ಕಂಡರೆ ನನ್ನ ಕೈ ಈಗಲೂ ಮೊದಲು ಬಟ್ಟೆಯ ಕಡೆಗೇ ಹೋಗುತ್ತದೆ. ಆಗ ಆ ದನಿ ಕೇಳಿಸುತ್ತದೆ: "ಸೋರಿಕೆ ಹೋಯಿತೇನಯ್ಯಾ?" ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಸ್ವಲ್ಪ ಹೊತ್ತು ನಿಂತು ನೋಡುತ್ತೇನೆ.